ಹಳೆಯ ಕಂಪ್ಯೂಟರ್ ಕೈಪಿಡಿಗಳಿಗೆ ಹೊಸ ಮನೆ

(ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ತಾಲ್ಲೂಕುಗಳ ಶಿಕ್ಷಕರು ಹಾಗೂ ಗ್ರಂಥಪಾಲಕರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಹೈಸ್ಕೂಲಿನ ಕಂಪ್ಯೂಟರ್ ಕೋಣೆಯನ್ನು ಖಾಲಿ ಮಾಡುವ ದಿನ ಎಲ್ಲ ಊರುಗಳಲ್ಲೂ ಒಂದೇ ಬಗೆಯದು. ಮಾನಿಟರ್, ಕೀಲಿಮಣೆ, ಯುಪಿಎಸ್‌ಗಳನ್ನು ಎಣಿಸಿ ಪಟ್ಟಿ ಮಾಡಲಾಗುತ್ತದೆ. ಅವು ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ನಮೂದಾದ ಸಾಮಾನು. ಒಂದು ಕಡಿಮೆಯಾದರೂ ಮುಖ್ಯೋಪಾಧ್ಯಾಯರು ಉತ್ತರ ಹೇಳಬೇಕು. ಅದೇ ಕೋಣೆಯ ಬೀರುವಿನಲ್ಲಿರುವ ದಪ್ಪ ದಪ್ಪ ಪುಸ್ತಕಗಳನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಯಂತ್ರದ ಪೆಟ್ಟಿಗೆಯೊಳಗೆ ಅವು ಬಿಟ್ಟಿಯಾಗಿ ಬಂದಿದ್ದವು, ಬಿಟ್ಟಿಯಾಗಿಯೇ ಹೋಗುತ್ತವೆ. ರದ್ದಿಯವನಿಗೆ ಅವು ಅಚ್ಚುಮೆಚ್ಚು. ಕಾಗದ ಒಳ್ಳೆಯದು, ತೂಕವೂ ಚೆನ್ನಾಗಿ ಬರುತ್ತದೆ.

ಹೀಗೆ ತಕ್ಕಡಿಗೆ ಏರುವ ಕೈಪಿಡಿಗಳಲ್ಲಿ ಹೆಚ್ಚಿನವು ಹೋದರೆ ಯಾರಿಗೂ ನಷ್ಟವಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುವುದು ಮೇಲು. ಹಳೆಯದೆಲ್ಲ ಹೊನ್ನು ಎಂದು ಹೊರಟರೆ ಗ್ರಂಥಾಲಯಗಳು ಗೋದಾಮುಗಳಾಗುತ್ತವೆ. ಆದರೆ ಉಳಿದ ಕೆಲವು ಕೈಪಿಡಿಗಳ ಜೊತೆಗೆ ಈ ತಾಲ್ಲೂಕುಗಳಲ್ಲಿ ಎರಡು ದಶಕಗಳ ಕಾಲ ಯಂತ್ರದಲ್ಲಿ ಬರೆದಿಟ್ಟದ್ದನ್ನು ಓದುವ ಕೀಲಿಕೈಯೂ ಹೋಗುತ್ತದೆ. ಆ ಕೆಲವು ಯಾವುವು, ಅವಕ್ಕೆ ಎಲ್ಲಿ ಮನೆ ಹುಡುಕಬೇಕು ಎಂಬುದೇ ಇಂದಿನ ವಿಷಯ.

ಕಿರಿಯರಿಗಾಗಿ ಒಂದು ಮಾತು. ಈಗ ಕಂಪ್ಯೂಟರಿನಲ್ಲಿ ಏನಾದರೂ ತೊಡಕು ಬಂದರೆ ಅದೇ ಕಂಪ್ಯೂಟರನ್ನು ಕೇಳಿದರಾಯಿತು. 1980 ಮತ್ತು 90ರ ದಶಕಗಳಲ್ಲಿ ಆ ಸೌಲಭ್ಯವಿರಲಿಲ್ಲ. ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್ ಮುಂತಾದ ತಂತ್ರಾಂಶಗಳ ಜೊತೆ ನೂರಾರು ಪುಟಗಳ ಕೈಪಿಡಿ ಬರುತ್ತಿತ್ತು. ಪ್ರಿಂಟರಿನ ಒಳಗಿರುವ ಬೆರಳ ತುದಿಯಷ್ಟು ಸಣ್ಣ ಸ್ವಿಚ್ಚುಗಳಲ್ಲಿ ಯಾವುದನ್ನು ಮೇಲಕ್ಕೆ, ಯಾವುದನ್ನು ಕೆಳಕ್ಕೆ ಒತ್ತಬೇಕು ಎಂಬುದು ಕೈಪಿಡಿಯಲ್ಲಿಯೇ ಇರುತ್ತಿತ್ತು. ಆ ಪುಟ ಹರಿದರೆ ಮೈಸೂರಿನಿಂದ ಎಂಜಿನಿಯರ್ ಬರುವವರೆಗೆ ಪ್ರಿಂಟರು ಗೋಣಿಯ ಕೆಳಗೆ ಮಲಗುತ್ತಿತ್ತು. ಟೈಪಿಂಗ್ ಇನ್‌ಸ್ಟಿಟ್ಯೂಟುಗಳು ನಿಧಾನವಾಗಿ ಕಂಪ್ಯೂಟರ್ ಸೆಂಟರುಗಳಾದ ಆ ಕಾಲದಲ್ಲಿ ಇನ್‌ಸ್ಟ್ರಕ್ಟರರ ಮೇಜಿನ ಮೇಲಿನ ಕೈಪಿಡಿಗೆ ಪಂಚಾಂಗದ ಸ್ಥಾನವಿತ್ತು. ಎಲ್ಲರೂ ನೋಡುತ್ತಿದ್ದರು, ಮನೆಗೆ ಒಯ್ಯಲು ಮಾತ್ರ ಯಾರಿಗೂ ಅಪ್ಪಣೆ ಇರಲಿಲ್ಲ.

ಮೈಸೂರು ಜಿಲ್ಲೆಗೆ ಈ ಕಥೆಯಲ್ಲಿ ಒಂದು ವಿಶೇಷ ಪಾಲಿದೆ. 1978ರಲ್ಲಿ ಐಬಿಎಂ ಕಂಪೆನಿ ಭಾರತ ಬಿಟ್ಟು ಹೋದ ಮೇಲೆ ದೇಶದ ಕಂಪೆನಿಗಳು ತಾವೇ ಕಂಪ್ಯೂಟರು ಮಾಡಲು ಹೊರಟವು. ಅಡುಗೆ ಎಣ್ಣೆ ಮಾರುತ್ತಿದ್ದ ವಿಪ್ರೋ ಅವುಗಳಲ್ಲೊಂದು. ಬೆಂಗಳೂರಿನಲ್ಲಿ ಅದರ ಸಂಶೋಧನೆ, ಮೈಸೂರಿನಲ್ಲಿ ಅದರ ತಯಾರಿಕೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳೂ ಮೈಸೂರಿನಲ್ಲಿ ತಯಾರಾದವು. ಹೈದರಾಬಾದಿನ ಇಸಿಐಎಲ್ ಅದಕ್ಕೂ ಮುಂಚಿನಿಂದ ಗಣಕಗಳನ್ನು ಮಾಡುತ್ತಿತ್ತು. ಈ ಯಂತ್ರಗಳ ಕೈಪಿಡಿಗಳು ಭಾರತದಲ್ಲಿ ಬರೆದು, ಭಾರತದಲ್ಲಿಯೇ ಮುದ್ರಿಸಿದಂಥವು. ಹೊರದೇಶದ ಯಾವ ಮ್ಯೂಸಿಯಮ್ಮೂ ಇವುಗಳನ್ನು ಹುಡುಕಿಕೊಂಡು ಇಲ್ಲಿಗೆ ಬರುವ ಸಂಭವ ಕಡಿಮೆ.

ಹಳ್ಳಿಗಾಡಿಗೆ ಕಂಪ್ಯೂಟರು ಬಂದದ್ದು ಕಚೇರಿಯ ಬಾಗಿಲಿನಿಂದ. ರಂಗರಾಜನ್ ಸಮಿತಿ 1984ರಲ್ಲಿ ಶಿಫಾರಸು ಮಾಡಿದ ಮೇಲೆ ಬ್ಯಾಂಕುಗಳಿಗೆ ಲೆಡ್ಜರ್ ಬರೆಯುವ ಯಂತ್ರಗಳು ಬಂದವು. ಅದೇ 1984ರಲ್ಲಿ ಕೇಂದ್ರ ಸರ್ಕಾರ ಶಾಲೆಗಳಿಗಾಗಿ 'ಕ್ಲಾಸ್' ಯೋಜನೆಯನ್ನು ಆರಂಭಿಸಿ ಬ್ರಿಟನ್ನಿನ ಬಿಬಿಸಿ ಮೈಕ್ರೊ ಕಂಪ್ಯೂಟರುಗಳನ್ನು ಆಯ್ದ ಶಾಲೆಗಳಿಗೆ ಕೊಟ್ಟಿತು. 2001ರ ಸುಮಾರಿಗೆ ರಾಜ್ಯ ಸರ್ಕಾರದ 'ಮಾಹಿತಿ ಸಿಂಧು' ಯೋಜನೆ ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ಒಯ್ದಿತು. ರೈತನಿಗೆ ಕಂಪ್ಯೂಟರಿನ ಬಿಸಿ ನಿಜವಾಗಿ ತಟ್ಟಿದ್ದು ಆ ಹೊತ್ತಿನಲ್ಲೇ ಬಂದ 'ಭೂಮಿ'ಯಿಂದ. ರಾಜ್ಯದ 177 ತಾಲ್ಲೂಕು ಕಚೇರಿಗಳಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಯಂತ್ರಕ್ಕೆ ಏರಿದವು. ಹದಿನೈದು ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ಕೈಬರಹದ ಪಹಣಿಗೆ ಕಾನೂನಿನ ಬೆಲೆ ಹೋಯಿತು. ಈ ನಾಲ್ಕು ತಾಲ್ಲೂಕುಗಳೂ ಆ 177ರಲ್ಲಿ ಸೇರಿದ್ದವು. ಪಹಣಿಯ ಮಾಹಿತಿಯನ್ನು ಸರ್ಕಾರ ಕಾಲಕಾಲಕ್ಕೆ ಹೊಸ ಯಂತ್ರಗಳಿಗೆ ವರ್ಗಾಯಿಸುತ್ತ ಬಂದುದರಿಂದ ಅದು ಉಳಿದಿದೆ. ಹಾಗೆ ವರ್ಗಾಯಿಸುವವರು ಯಾರೂ ಇಲ್ಲದ ಕಡತಗಳದ್ದೇ ಫಜೀತಿ. ಸಹಕಾರ ಸಂಘದ ಸದಸ್ಯರ ಪಟ್ಟಿ, ಶಾಲೆಯ ಸ್ಮರಣ ಸಂಚಿಕೆ, ಜಾತ್ರಾ ಸಮಿತಿಯ ಲೆಕ್ಕ, ಊರಿನ ಇತಿಹಾಸ ಬರೆದ ಮೇಷ್ಟರ ಹಸ್ತಪ್ರತಿ ಇವೆಲ್ಲ ಈ ಬಗೆಯವು.

ಈ ಫಜೀತಿಯ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ನೋಡಬೇಕು. ಕಂಪ್ಯೂಟರಿಗೆ ಗೊತ್ತಿರುವುದು ಅಂಕಿ ಮಾತ್ರ. ಯಾವ ಅಂಕಿಗೆ ಯಾವ ಅಕ್ಷರ ಎಂಬುದು ಮನುಷ್ಯರು ಮಾಡಿಕೊಂಡ ಒಪ್ಪಂದ. ಇಂಗ್ಲಿಷಿಗೆ ಆ ಒಪ್ಪಂದ ಬಹಳ ಹಿಂದೆಯೇ ಆಯಿತು. ಭಾರತೀಯ ಭಾಷೆಗಳಿಗೆ 1991ರಲ್ಲಿ 'ಇಸ್ಕಿ' ಎಂಬ ರಾಷ್ಟ್ರೀಯ ಮಾನಕ ಬಂತು. ಅದೇ ವರ್ಷ ಯೂನಿಕೋಡಿನಲ್ಲೂ ಕನ್ನಡಕ್ಕೆ ಜಾಗ ಸಿಕ್ಕಿತು. ಜಾಗ ಸಿಕ್ಕಿತೆಂದರೆ ಮನೆ ಕಟ್ಟಿದಂತಾಗಲಿಲ್ಲ. ವಿಂಡೋಸ್‌ನಲ್ಲಿ ಯೂನಿಕೋಡ್ ಕನ್ನಡಕ್ಕೆ ಸೌಕರ್ಯ ಬಂದದ್ದು 2001ರ ಎಕ್ಸ್‌ಪಿ ಆವೃತ್ತಿಯಿಂದ. ಅಲ್ಲಿಯವರೆಗೆ ಕನ್ನಡ ತಂತ್ರಾಂಶ ಮಾಡಿದವರು ಒಂದು ಉಪಾಯ ಹೂಡಿದರು. ರೋಮನ್ ಅಕ್ಷರಗಳಿಗೆ ಮೀಸಲಾದ ಖಾನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದರು. ತಲೆಕಟ್ಟು ಒಂದು ಖಾನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತಕ್ಷರ ಮತ್ತೊಂದರಲ್ಲಿ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಯಂತ್ರ ಮಾತ್ರ ತಾನು ಇಂಗ್ಲಿಷ್ ಇಟ್ಟುಕೊಂಡಿದ್ದೇನೆ ಎಂದೇ ತಿಳಿದಿರುತ್ತದೆ.

ಅದಕ್ಕೇ ನುಡಿಯಲ್ಲಿ ಬೆರಳಚ್ಚು ಮಾಡಿದ 'ಕನ್ನಡ' ಎಂಬ ಪದವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಮೊದಲು ಇಂಗ್ಲಿಷಿನ 'ಪಿ', ನಡುವೆ ಪೌಂಡಿನ ಚಿಹ್ನೆ, ಜರ್ಮನ್ ಭಾಷೆಯ ಜೋಡಿ 'ಎಸ್' ಹೀಗೆ ವಿಚಿತ್ರ ಮೆರವಣಿಗೆಯೊಂದು ಕಾಣುತ್ತದೆ. ಡಿಟಿಪಿ ಅಂಗಡಿಯವರಿಗೆ ಇದು ಹಳೆಯ ಪರಿಚಯ. ನುಡಿ ಮತ್ತು 1998ರಲ್ಲಿ ಬಂದ ಬರಹ ತಂತ್ರಾಂಶಗಳ ಬರವಣಿಗೆಯನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳು ಈಗ ಸಿಗುತ್ತವೆ. ಅವುಗಳ ಮಟ್ಟಿಗೆ ಚಿಂತೆಯಿಲ್ಲ. ತೊಂದರೆ ಇರುವುದು ಅದಕ್ಕೂ ಹಿಂದಿನ, ಖಾಸಗಿಯವರು ಮಾರುತ್ತಿದ್ದ ಪ್ಯಾಕೇಜುಗಳಲ್ಲಿ. ಒಬ್ಬೊಬ್ಬರದು ಒಂದೊಂದು ಜೋಡಣೆ. ಒಬ್ಬರ ಖಾನೆಯಲ್ಲಿ ಅರ್ಕಾವತ್ತು ಇದ್ದರೆ ಅದೇ ಖಾನೆಯಲ್ಲಿ ಮತ್ತೊಬ್ಬರದು ದೀರ್ಘ. ಯಾವ ಖಾನೆಯಲ್ಲಿ ಯಾವ ತುಂಡು ಇದೆ ಎಂದು ತೋರಿಸುವ ಪಟ್ಟಿ ಇರುತ್ತಿದ್ದುದು ಎಲ್ಲಿ? ಕೈಪಿಡಿಯ ಕೊನೆಯ ಪುಟಗಳಲ್ಲಿ. ಆ ಪಟ್ಟಿ ಕಳೆದರೆ ಹಳೆಯ ಮುದ್ರಿತ ಪ್ರತಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರಕ್ಕೆ ಅಕ್ಷರ ಊಹಿಸುತ್ತ ಕೂರಬೇಕು. ಮುದ್ರಿತ ಪ್ರತಿಯೂ ಇಲ್ಲವೆಂದರೆ, ಶಾಸನ ಓದುವವರಿಗೆ ಇರುವಷ್ಟು ತಾಳ್ಮೆ ಬೇಕು.

ಇದನ್ನು ಸರಿಯಾಗಿ ಮಾಡಿದವರ ಉದಾಹರಣೆ ಹೊರಗೆಲ್ಲೋ ಅಲ್ಲ, ಪಿರಿಯಾಪಟ್ಟಣ ತಾಲ್ಲೂಕಿನಲ್ಲಿಯೇ ಇದೆ. ಬೈಲಕುಪ್ಪೆಯ ಟಿಬೆಟನ್ ನಿರಾಶ್ರಿತರ ಬಿಡಾರವನ್ನು ಎಲ್ಲರೂ ಬಲ್ಲರು. ಸ್ವರ್ಣಮಂದಿರ ನೋಡಲು ಬಸ್ಸು ಮಾಡಿಕೊಂಡು ಹೋಗುವವರೂ ಇದ್ದಾರೆ. ಅಲ್ಲಿನ ಸೆರಾ ಮೇ ಮಠದಲ್ಲಿ 1980ರ ದಶಕದ ಕೊನೆಯಲ್ಲಿ ಭಿಕ್ಷುಗಳು ಕಂಪ್ಯೂಟರಿನ ಮುಂದೆ ಕೂತರು. 'ಏಷಿಯನ್ ಕ್ಲಾಸಿಕ್ಸ್ ಇನ್‌ಪುಟ್ ಪ್ರಾಜೆಕ್ಟ್' ಎಂಬ ಯೋಜನೆ ಅದು. ಹಲಗೆಯಚ್ಚಿನ ಟಿಬೆಟನ್ ಗ್ರಂಥಗಳನ್ನು ಯಂತ್ರಕ್ಕೆ ಏರಿಸುವುದು ಅದರ ಗುರಿ. ಟಿಬೆಟನ್ ಲಿಪಿಗೆ ಆಗ ಯೂನಿಕೋಡಿನಲ್ಲಿ ಸರಿಯಾದ ವ್ಯವಸ್ಥೆ ಇರಲಿಲ್ಲ. ಅದು ಸಿಕ್ಕಿದ್ದು 1996ರಲ್ಲಿ. ಅವರು ಅದಕ್ಕಾಗಿ ಕಾಯಲಿಲ್ಲ. ಪ್ರತಿ ಟಿಬೆಟನ್ ಅಕ್ಷರಕ್ಕೂ ಇಂತಿಂಥ ರೋಮನ್ ಅಕ್ಷರ ಎಂದು ಗೊತ್ತುಮಾಡಿಕೊಂಡು ಬೆರಳಚ್ಚು ಮಾಡಿದರು. ಒಂದೇ ಗ್ರಂಥವನ್ನು ಇಬ್ಬರು ಬೇರೆ ಬೇರೆಯಾಗಿ ಬೆರಳಚ್ಚು ಮಾಡಿ, ಎರಡನ್ನೂ ಯಂತ್ರದಲ್ಲಿ ತಾಳೆ ನೋಡಿ ತಪ್ಪು ತಿದ್ದುತ್ತಿದ್ದರು. ಫ್ಲಾಪಿಗಳಲ್ಲಿ ತುಂಬಿ ಜಗತ್ತಿಗೆ ಹಂಚಿದರು. ತಾವು ಬಳಸಿದ ಅಕ್ಷರ ಸಂಕೇತದ ವಿವರವನ್ನು ಬಚ್ಚಿಡಲಿಲ್ಲ. ಹಾಗಾಗಿ ಫ್ಲಾಪಿಯ ಕಾಲ ಮುಗಿದ ಮೇಲೂ ಆ ಗ್ರಂಥಗಳನ್ನು ಟಿಬೆಟನ್ ಲಿಪಿಗೆ ತಿರುಗಿಸಿಕೊಂಡು ಓದಲು ಸಾಧ್ಯವಾಯಿತು. ಅಲ್ಲಿಂದ ಕೆಲವೇ ಮೈಲಿಗಳ ಆಚೆ, ಕಾವೇರಿ ಸೀಮೆಯ ಊರುಗಳಲ್ಲಿ ಅದೇ ಕಾಲಕ್ಕೆ ಕನ್ನಡದಲ್ಲಿ ಬೆರಳಚ್ಚಾದ ಎಷ್ಟೋ ಬರಹಗಳಿಗೆ ಆ ಯೋಗ ಬರಲಿಲ್ಲ.

ಈಗ, ಯಾವುದನ್ನು ಉಳಿಸಬೇಕು ಎಂಬ ಪ್ರಶ್ನೆ. ಅಮೆರಿಕದ ದೊಡ್ಡ ಕಂಪೆನಿಗಳ ಕೈಪಿಡಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನ ಅಲ್ ಕೊಸ್ಸೊವ್ ಅವರು 'ಬಿಟ್‌ಸೇವರ್ಸ್' ಎಂಬ ಸಂಗ್ರಹದಲ್ಲಿ ಇಂಥವನ್ನು ಪುಟಪುಟವಾಗಿ ಸ್ಕ್ಯಾನ್ ಮಾಡಿ ಇಟ್ಟಿದ್ದಾರೆ. 2015ರ ಆಗಸ್ಟಿನಲ್ಲಿ ಮೇರಿಲ್ಯಾಂಡ್ ರಾಜ್ಯದ ಫಿಂಕ್ಸ್‌ಬರ್ಗ್ ಎಂಬ ಊರಿನಲ್ಲಿ ಕೈಪಿಡಿಗಳನ್ನೇ ಮಾರುತ್ತಿದ್ದ ಅಂಗಡಿಯೊಂದು ಗೋದಾಮು ಖಾಲಿ ಮಾಡಬೇಕಾಗಿ ಬಂತು. ಇಂಟರ್ನೆಟ್ ಆರ್ಕೈವ್‌ನ ಜೇಸನ್ ಸ್ಕಾಟ್ ಎಂಬುವರು ಸುದ್ದಿ ತಿಳಿದು ಓಡಿದರು. ಸ್ವಯಂಸೇವಕರು ಸೇರಿದರು, ಕೆಲವೇ ದಿನಗಳಲ್ಲಿ ಸಾವಿರಕ್ಕೂ ಹೆಚ್ಚು ಪೆಟ್ಟಿಗೆಗಳು ತುಂಬಿದವು. ಗಮನಿಸಬೇಕಾದದ್ದು ಅವರು ಇಟ್ಟುಕೊಂಡ ನಿಯಮ: ಒಂದು ಶೀರ್ಷಿಕೆಗೆ ಒಂದೇ ಪ್ರತಿ. ಗೋದಾಮಿನಲ್ಲಿದ್ದುದೆಲ್ಲವನ್ನೂ ಹೊತ್ತುಕೊಂಡು ಬರುವ ಹಟ ಹಿಡಿಯಲಿಲ್ಲ. ಆಮೇಲೂ ಆ ಪೆಟ್ಟಿಗೆಗಳಿಗೆ ಸ್ಥಿರವಾದ ಮನೆ ಹುಡುಕಲು, ಸ್ಕ್ಯಾನ್ ಮಾಡಿಸಲು ವರ್ಷಗಳೇ ಹಿಡಿದವು.

ಈ ನಾಲ್ಕು ತಾಲ್ಲೂಕುಗಳ ಬೀರುಗಳಲ್ಲಿ ಹುಡುಕಬೇಕಾದದ್ದು ಬೇರೆಯದೇ. ಕನ್ನಡ ತಂತ್ರಾಂಶಗಳ ಕೈಪಿಡಿ, ಅದರಲ್ಲೂ ಕೀಲಿಮಣೆಯ ಚಿತ್ರ ಮತ್ತು ಅಕ್ಷರಗಳ ಪಟ್ಟಿ ಇರುವಂಥವು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ಕಾರ್ಡಿನ ಜೊತೆ ಬಂದ ಪುಸ್ತಿಕೆಗಳು. ವಿಪ್ರೋ, ಇಸಿಐಎಲ್, ಎಚ್‌ಸಿಎಲ್‌ನಂಥ ದೇಶೀ ಯಂತ್ರಗಳ ಪುಸ್ತಕಗಳು. ಸರ್ಕಾರಿ ನೌಕರರಿಗೆ, ಶಿಕ್ಷಕರಿಗೆ ಕನ್ನಡದಲ್ಲಿ ಕೊಟ್ಟ ತರಬೇತಿಯ ಸೈಕ್ಲೋಸ್ಟೈಲ್ ಅಥವಾ ಜೆರಾಕ್ಸ್ ಹಾಳೆಗಳು. ಕೊನೆಯವು ನೋಡಲು ಕಳಪೆ, ಸ್ಟೇಪಲ್ ಪಿನ್ನು ತುಕ್ಕು ಹಿಡಿದಿರುತ್ತದೆ. ಆದರೆ 'ಫೈಲ್', 'ಸೇವ್', 'ಮೌಸ್' ಎಂಬ ಮಾತುಗಳನ್ನು ಕನ್ನಡದಲ್ಲಿ ವಿವರಿಸಲು ಹೊರಟ ಮೊದಲ ತಲೆಮಾರಿನವರ ಪರದಾಟ ಕಾಣುವುದು ಅವುಗಳಲ್ಲಿಯೇ.

ಮತ್ತೊಂದು ಬಗೆಯಿದೆ. ಪುಸ್ತಕ ಸಾಮಾನ್ಯದ್ದೇ ಇರಬಹುದು; ಡಿಬೇಸಿನ ಕೈಪಿಡಿ ಎಲ್ಲಿ ಬೇಕಾದರೂ ಸಿಗುತ್ತದೆ. ಆದರೆ ಅದರ ಕೊನೆಯ ಖಾಲಿ ಹಾಳೆಯಲ್ಲಿ ಯಾರೋ ಗುಮಾಸ್ತರು ಪೆನ್ಸಿಲಿನಲ್ಲಿ ಬರೆದಿರುತ್ತಾರೆ. ಇಂಥ ಕಡತದಲ್ಲಿ ಮೊದಲ ಕಾಲಂ ಸದಸ್ಯರ ಸಂಖ್ಯೆ, ಎರಡನೆಯದು ಗ್ರಾಮದ ಸಂಕೇತ, ಗ್ರಾಮ 14 ಎಂದರೆ ಇಂಥ ಊರು. ಆ ಒಂದು ಹಾಳೆಯಿಂದಾಗಿ ಸಾಮಾನ್ಯ ಪುಸ್ತಕವೇ ಅಪರೂಪದ ದಾಖಲೆಯಾಗುತ್ತದೆ. ಆದ್ದರಿಂದ ಮುಖಪುಟ ನೋಡಿ ಎಸೆಯುವಂತಿಲ್ಲ. ಒಮ್ಮೆ ಪುಟ ತಿರುವಿ ನೋಡಲೇಬೇಕು.

ಮನೆ ಎಲ್ಲಿ? ಗ್ರಂಥಾಲಯ ಶಾಸ್ತ್ರದ ಹಿರಿಯರಾದ ಎಸ್.ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ಇಲ್ಲಿ ನೆನಪಾಗುತ್ತವೆ. ಅವರು ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ದಾಖಲಾತಿ ಸಂಶೋಧನೆಯ ಕೇಂದ್ರವನ್ನು ಕಟ್ಟಿದವರು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎಂಬರ್ಥದ ಸೂತ್ರವೊಂದಿದೆ ಅದರಲ್ಲಿ. ಆ ಲೆಕ್ಕದಲ್ಲಿ ಹಳೆಯ ಕೈಪಿಡಿಯನ್ನು ಹಳ್ಳಿಯ ಗ್ರಂಥಾಲಯಕ್ಕೆ ಕೊಡುವುದು ದಾನವಲ್ಲ, ಹೊರೆ ಹೊರಿಸುವುದು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದ ಮೇಲೆ ಅವುಗಳಲ್ಲಿ ಹಲವು ಕಡೆ ಮಕ್ಕಳು ತುಂಬಿಕೊಂಡಿದ್ದಾರೆ. ಆ ಜಾಗ ಮಕ್ಕಳದ್ದಾಗಿಯೇ ಇರಲಿ.

ಯೋಗ್ಯ ಮನೆ ಎಂದರೆ ಪುಸ್ತಕವನ್ನು ಬಿಚ್ಚಿ ನೋಡುವವರಿರುವ ಮನೆ. ಮೈಸೂರಿನ ಇತಿಹಾಸದಲ್ಲೇ ಇದಕ್ಕೆ ದೊಡ್ಡ ದೃಷ್ಟಾಂತವಿದೆ. 1891ರಲ್ಲಿ ಸ್ಥಾಪನೆಯಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ತಾಳೆಗರಿಯ ಪ್ರತಿಯೊಂದನ್ನು ಒಪ್ಪಿಸಿದರು. ಆರ್. ಶಾಮಶಾಸ್ತ್ರಿಗಳು ಅದನ್ನು ಓದಿದರು. ಕೌಟಿಲ್ಯನ ಅರ್ಥಶಾಸ್ತ್ರ ಅದು; 1909ರಲ್ಲಿ ಮುದ್ರಣವಾಯಿತು. ಪಂಡಿತರ ಮನೆಯಲ್ಲೇ ಉಳಿದಿದ್ದರೆ ಆ ಗರಿಗಳ ಗತಿ ಏನಾಗುತ್ತಿತ್ತೋ! ಕಂಪ್ಯೂಟರಿನ ಕೈಪಿಡಿಯನ್ನು ಅರ್ಥಶಾಸ್ತ್ರಕ್ಕೆ ಹೋಲಿಸಿದರೆ ಹಿರಿಯರು ನಗಬಹುದು. ಹೋಲಿಕೆ ಪುಸ್ತಕದ್ದಲ್ಲ, ಒಪ್ಪಿಸಿದ ಕ್ರಮದ್ದು.

ಇಂದು ಹೀಗೆ ಒಪ್ಪಿಸಲು ಕೆಲವು ಸ್ಥಳಗಳಿವೆ. ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುವ 'ಸರ್ವೆಂಟ್ಸ್ ಆಫ್ ನಾಲೆಡ್ಜ್' ಎಂಬ ಪ್ರಯತ್ನ ಬೆಂಗಳೂರಿನಲ್ಲಿ ನಡೆದಿದೆ. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆ 2019ರಲ್ಲಿ ತೆರೆದ ಪತ್ರಾಗಾರ ವಿಜ್ಞಾನದ ಇತಿಹಾಸಕ್ಕೆಂದೇ ಇರುವಂಥದ್ದು. ಸರ್ಕಾರಿ ಕಚೇರಿಯ ತರಬೇತಿ ಪುಸ್ತಿಕೆಗಳ ಬಗ್ಗೆ ರಾಜ್ಯ ಪತ್ರಾಗಾರ ಇಲಾಖೆಯ ಮೈಸೂರು ಕಚೇರಿಯನ್ನು ಕೇಳಬಹುದು. ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ಕಾಲೇಜುಗಳಲ್ಲಿ ಯಂತ್ರದ ಕೈಪಿಡಿಗಳ ಬಗ್ಗೆ ಆಸಕ್ತಿಯಿರುವ ಮೇಷ್ಟರು ಒಬ್ಬರಾದರೂ ಇರುತ್ತಾರೆ. ಎಲ್ಲಿಯೇ ಆಗಲಿ ಮೊದಲು ಶೀರ್ಷಿಕೆಗಳ ಪಟ್ಟಿಯನ್ನು ಕಳುಹಿಸಿ, ಒಪ್ಪಿಗೆ ಬಂದ ಮೇಲೆ ಪುಸ್ತಕ ಕಳುಹಿಸುವುದು ಮರ್ಯಾದೆ. ಹೇಳದೆ ಕೇಳದೆ ಗೋಣಿಚೀಲ ಇಳಿಸಿ ಬಂದರೆ ಅಲ್ಲಿಂದಲೂ ಅದು ತಕ್ಕಡಿಗೇ ಹೋದೀತು.

ಕೆ.ಆರ್. ನಗರದ ನೆರೆಯ ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರ 'ಪುಸ್ತಕ ಮನೆ' ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಬಸ್ ಕಂಡಕ್ಟರಾಗಿದ್ದು, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಅವರು ಸಂಬಳವನ್ನೆಲ್ಲ ಸುರಿದು ಲಕ್ಷಾಂತರ ಪುಸ್ತಕ ಕೂಡಿಸಿದ್ದು ಅಸಾಮಾನ್ಯ ಸಾಧನೆ. ಆದರೆ ಅಂಥ ಮಹಾರಾಶಿಯಲ್ಲಿ ಮೂವತ್ತು ಪುಟದ ಫಾಂಟ್ ಪುಸ್ತಿಕೆಯೊಂದನ್ನು ಮುಂದೆ ಯಾರಾದರೂ ಹುಡುಕಿ ತೆಗೆಯುವುದು ಕಷ್ಟ. ಇಂಥ ಸಣ್ಣ ಪುಸ್ತಿಕೆಗೆ ಸಣ್ಣ, ಪಟ್ಟಿ ಮಾಡಿಟ್ಟ ಮನೆಯೇ ಮೇಲು.

ಕಾನೂನಿನ ಮಾತೂ ಸ್ವಲ್ಪ ಇದೆ. ಪುಸ್ತಕದ ಪ್ರತಿಯನ್ನು ಒಬ್ಬರು ಇನ್ನೊಬ್ಬರಿಗೆ ಕೊಡುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಸ್ಕ್ಯಾನ್ ಮಾಡಿ ಎಲ್ಲರಿಗೂ ಹಂಚುವುದು ಬೇರೆ ವಿಷಯ. ಲೇಖಕರ ಹೆಸರಿಲ್ಲದ ಕೃತಿಗೆ ಪ್ರಕಟವಾದ ವರ್ಷದ ನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ; 1985ರ ಕೈಪಿಡಿಗೆ ಅದು 2045ರವರೆಗೆ. ಆದರೆ 2012ರ ತಿದ್ದುಪಡಿಯ ಪ್ರಕಾರ, ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯವು ತನ್ನಲ್ಲಿ ಮುದ್ರಿತ ಪ್ರತಿ ಇದ್ದರೆ ಸಂರಕ್ಷಣೆಗಾಗಿ ಅದನ್ನು ವಿದ್ಯುನ್ಮಾನ ರೂಪದಲ್ಲಿ ಕೂಡಿಡಬಹುದು. ಮುದ್ರಿತ ಪ್ರತಿ ಖಾಸಗಿ ಅಟ್ಟದಲ್ಲಿ ಉಳಿಯುವುದಕ್ಕಿಂತ ಗ್ರಂಥಾಲಯ ಸೇರುವುದೇ ಲೇಸು ಎನ್ನಲು ಇದೂ ಒಂದು ಕಾರಣ.

ಅವಸರ ಏಕೆಂದರೆ ಕಚೇರಿಗಳು ಜಾಗ ಬದಲಿಸುತ್ತಿವೆ. ಎಚ್.ಡಿ. ಕೋಟೆಯಿಂದ ಸರಗೂರು, ಕೆ.ಆರ್. ನಗರದಿಂದ ಸಾಲಿಗ್ರಾಮ ಈಚಿನ ವರ್ಷಗಳಲ್ಲಿ ಬೇರೆ ತಾಲ್ಲೂಕುಗಳಾದವು. ಹೀಗೆ ಕಡತಗಳು ಸ್ಥಳಾಂತರವಾಗುವಾಗ ರಿಜಿಸ್ಟರಿನಲ್ಲಿ ಇಲ್ಲದ ಪುಸ್ತಕವೇ ಮೊದಲು ಕಳೆಯುವುದು. ಸರ್ಕಾರಿ ಶಾಲೆ, ಕಚೇರಿಯವರು ಸುಮ್ಮನೆ ಎತ್ತಿಕೊಡುವಂತೆಯೂ ಇಲ್ಲ. ಹರಾಜು ಅಥವಾ ವಿಲೇವಾರಿಯ ಪಟ್ಟಿ ತಯಾರಾಗುವಾಗಲೇ ಕೈಪಿಡಿಗಳನ್ನು ಬೇರೆ ಸಾಲಿನಲ್ಲಿ ತೋರಿಸಿ, ಇಂಥ ಗ್ರಂಥಾಲಯಕ್ಕೆ ವರ್ಗಾಯಿಸಲಾಗಿದೆ ಎಂದು ಮೇಲಧಿಕಾರಿಯ ಸಹಿ ಪಡೆದರೆ ಮುಂದೆ ಆಕ್ಷೇಪಣೆ ಬರುವುದಿಲ್ಲ.

ಕಳುಹಿಸುವ ಮುನ್ನ ಮಾಡಬೇಕಾದ ಕೆಲಸ ಹೆಚ್ಚೇನಿಲ್ಲ. ಹಿಂಬದಿಯ ರಟ್ಟಿನ ಜೇಬಿನಲ್ಲಿ ಫ್ಲಾಪಿ ಅಥವಾ ಸಿ.ಡಿ. ಇದ್ದರೆ ಅದು ಕೆಟ್ಟಿದೆಯೆಂದು ತೆಗೆದುಹಾಕಬಾರದು; ಎರಡೂ ಒಟ್ಟಿಗೇ ಹೋಗಲಿ. ಹರಿದ ಪುಟಕ್ಕೆ ಸೆಲ್ಲೋಟೇಪ್ ಬೇಡ, ಅದರ ಅಂಟು ವರ್ಷ ಕಳೆದಂತೆ ಕಾಗದವನ್ನೇ ತಿನ್ನುತ್ತದೆ. ತುಕ್ಕು ಹಿಡಿದ ಪಿನ್ನು ತೆಗೆದು ಹತ್ತಿಯ ದಾರದಲ್ಲಿ ಕಟ್ಟಿದರೆ ಸಾಕು. ಕೋಟೆಯ ಕಡೆ ಮಳೆ ಹೆಚ್ಚು, ಗೆದ್ದಲೂ ಹೆಚ್ಚು. ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬಾರದು. ಒಂದು ಚೀಟಿಯಲ್ಲಿ ಯಂತ್ರದ ಹೆಸರು, ತಂತ್ರಾಂಶದ ಆವೃತ್ತಿ, ಯಾವ ಊರಿನ ಯಾವ ಕೋಣೆಯಲ್ಲಿ ಯಾವ ವರ್ಷಗಳಲ್ಲಿ ಬಳಕೆಯಲ್ಲಿತ್ತು, ಅದರಿಂದ ಏನನ್ನು ಬೆರಳಚ್ಚು ಮಾಡುತ್ತಿದ್ದರು ಎಂಬುದನ್ನು ಪೆನ್ಸಿಲಿನಲ್ಲಿ ಬರೆದು ಮೊದಲ ಪುಟದೊಳಗೆ ಇಡಬೇಕು. ಆ ಯಂತ್ರದ ಮುಂದೆ ಕೂತಿದ್ದವರು ನಿವೃತ್ತರಾಗಿ ಅದೇ ಊರಿನಲ್ಲಿದ್ದರೆ, ಚೀಟಿಯನ್ನು ಅವರ ಕೈಯಲ್ಲೇ ಬರೆಸುವುದು ಒಳ್ಳೆಯದು.